ಒಂದು ಮೈದಾನ, ನಾಲ್ಕು ರಿಮೋಟ್

ಟಿವಿ ರಿಮೋಟಿನಿಂದ ಓಡುವ ರೋಬೋ ಗಾಡಿ ಒಂಟಿಯಾಗಿದ್ದಷ್ಟು ಹೊತ್ತು ಹೇಳಿದ ಮಾತು ಕೇಳುತ್ತದೆ. ಅದೇ ಮೈದಾನಕ್ಕೆ ಇನ್ನೂ ಮೂರು ಗಾಡಿ ಇಳಿಸಿ, ಆಗ ನೋಡಿ ಅದರ ವರಸೆ! ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ಎಂಎಂಟಿಎಸ್ ರೈಲು ಹತ್ತಿ ನಾಂಪಲ್ಲಿಯಲ್ಲಿ ಇಳಿದು, ಕೋಠಿಯ ಗುಜರಾತಿ ಗಲ್ಲಿಯಲ್ಲಿ ರಿಮೋಟಿನ ಸಂಕೇತ ಹಿಡಿಯುವ ಒಂದು ಟಿಎಸ್ಒಪಿ ಸೆನ್ಸರ್, ಎಲ್293ಡಿ ಮೋಟಾರ್ ಡ್ರೈವರ್, ಒಂದು ಜೊತೆ ಬಿಒ ಮೋಟಾರ್ ತಂದರೆ ಹೈಸ್ಕೂಲ್ ಮಕ್ಕಳೂ ಗಾಡಿ ಓಡಿಸಿಯಾರು. ರಿಮೋಟ್ ಮನೆಯಲ್ಲೇ ಬಿದ್ದಿರುತ್ತದೆ. ಇಷ್ಟು ಅಗ್ಗವಾಗಿ ಕೈಗೆ ಸಿಗುತ್ತದೆಂದು ತಂಡಗಳ ಪಂದ್ಯವನ್ನೂ ಇದರ ಮೇಲೆಯೇ ನಡೆಸುವುದಕ್ಕೆ ನನ್ನ ತಕರಾರಿದೆ.

ಈ ರಿಮೋಟುಗಳಲ್ಲಿ ಹೆಚ್ಚಿನವು ಸೆಕೆಂಡಿಗೆ ಸುಮಾರು 38,000 ಸಲ ಮಿನುಗುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಮಾತಾಡುತ್ತವೆ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಎರಡೂ ಸಂಕೇತ ಕಲಸಿಹೋಗಿ ಯಾವ ಗಾಡಿಗೂ ಏನೂ ತಿಳಿಯುವುದಿಲ್ಲ. ಇದು ಎಲ್ಲರೂ ಬಲ್ಲ ದೋಷ. ಇದಕ್ಕಿಂತ ಕಿಲಾಡಿಯಾದದ್ದು ಬಹುಬಳಕೆಯ ಎನ್‌ಇಸಿ ಪದ್ಧತಿಯಲ್ಲಿದೆ. ಗುಂಡಿ ಒತ್ತಿದೊಡನೆ ಹೊರಡುವ 32 ಬಿಟ್‌ಗಳಲ್ಲಿ ವಿಳಾಸವೂ ಇರುತ್ತದೆ, ಆಜ್ಞೆಯೂ ಇರುತ್ತದೆ. ಆದರೆ ಗುಂಡಿಯನ್ನು ಒತ್ತಿ ಹಿಡಿದರೆ, ಸುಮಾರು 110 ಮಿಲಿಸೆಕೆಂಡಿಗೊಮ್ಮೆ ಬರುವುದು ‘ಮತ್ತೆ ಅದೇ’ ಎನ್ನುವ ಗಿಡ್ಡ ಸಂಕೇತ ಮಾತ್ರ. ಅದರಲ್ಲಿ ವಿಳಾಸವೇ ಇಲ್ಲ! ಮಕ್ಕಳು ಬರೆಯುವ ಪ್ರೋಗ್ರಾಂ ಸಾಮಾನ್ಯವಾಗಿ ‘ಈ ಸಂಕೇತ ಬಂದರೆ ಹಿಂದಿನ ಆಜ್ಞೆಯನ್ನೇ ಮುಂದುವರಿಸು’ ಎಂದಿರುತ್ತದೆ. ಹಾಗಾಗಿ ನೀವು ಬೆರಳು ತೆಗೆದರೂ ಎದುರಾಳಿ ಒತ್ತಿ ಹಿಡಿದಿರುವಷ್ಟು ಹೊತ್ತು ನಿಮ್ಮ ಗಾಡಿ ಓಡುತ್ತಲೇ ಇರಬಹುದು. ಯಾರೂ ಮೋಸ ಮಾಡಿರುವುದಿಲ್ಲ, ಆದರೂ ಜಗಳ ಮಾತ್ರ ಆಗೇ ಆಗುತ್ತದೆ. ಸೋಫಾದ ಮೇಲೆ ಕೂತು ಒಬ್ಬರೇ ಚಾನೆಲ್ ಬದಲಿಸಲೆಂದು ಮಾಡಿದ್ದನ್ನು ನಾಲ್ವರ ಪೈಪೋಟಿಗೆ ತಂದದ್ದರ ಫಲ ಇದು.

ಹಾಗೆಂದು ಬೆಳಕನ್ನೇ ದೂರುವುದು ಸರಿಯಲ್ಲ. ಲೆಗೋ ಕಂಪನಿಯ ಪವರ್ ಫಂಕ್ಷನ್ಸ್ ರಿಮೋಟುಗಳೂ 38 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತಿದ್ದವು. ಅವುಗಳಲ್ಲಿ ನಾಲ್ಕು ಚಾನೆಲ್ ಇದ್ದವು. ಒಂದೇ ಸಂದೇಶವನ್ನು ಹಲವು ಸಲ ಕಳಿಸಿ, ನಡುವಿನ ಬಿಡುವನ್ನು ಚಾನೆಲ್‌ಗೆ ತಕ್ಕಂತೆ ಬೇರೆಬೇರೆ ಇಟ್ಟಿದ್ದರು. ಒಂದು ಸಲ ಡಿಕ್ಕಿಯಾದರೂ ಮುಂದಿನ ಸಲ ದಾರಿ ಸಿಗಲಿ ಎಂಬ ಲೆಕ್ಕ. ಪಂದ್ಯಕ್ಕೆ ಬೇಕಾದದ್ದು ಈ ಜಾಣತನ. ಹಳೆಯ ಟಿವಿ ರಿಮೋಟಿನಲ್ಲಿ ಅದು ಎಲ್ಲಿಂದ ಬರಬೇಕು? ಕಿಟಕಿಯಿಂದ ಇಳಿಬಿಸಿಲು ನೇರ ಸೆನ್ಸರಿನ ಮೇಲೆ ಬಿದ್ದರಂತೂ ಹತ್ತಡಿ ದೂರದ ಗಾಡಿಯೂ ಕಿವುಡಾಗುತ್ತದೆ.

ಕಲಿಕೆಗೆ ಮಾತ್ರ ಟಿವಿ ರಿಮೋಟಿಗೆ ಸಮನಾದದ್ದು ಇನ್ನೊಂದಿಲ್ಲ. ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿದರೆ ಸಾಕು, ಎಷ್ಟೋ ಫೋನುಗಳಲ್ಲಿ ನೇರಳೆ ಮಿನುಗು ಕಾಣುತ್ತದೆ. ಬ್ಲೂಟೂತ್ ಹೀಗೆ ಕಣ್ಣಿಗೆ ಬೀಳುವುದುಂಟೇ? ಆದ್ದರಿಂದ ಶಾಲೆಯ ಲ್ಯಾಬಿನಿಂದ ಇದನ್ನು ತೆಗೆದುಹಾಕಿ ಎಂದು ನಾನು ಹೇಳಲಾರೆ.

ಪಂದ್ಯದಲ್ಲಿ ಈ ಬೆಳಕಿನ ಜಾಗ ಎಲ್ಲಿ ಎಂಬುದಕ್ಕೆ ರೋಬೋಕಪ್ ಜೂನಿಯರ್ ಸಾಕರ್ ಎಂಬ ಮಕ್ಕಳ ರೋಬೋ ಫುಟ್‌ಬಾಲ್ ಪಂದ್ಯ ಒಂದು ದಾರಿ ತೋರಿಸಿದೆ. ಅದರ ಒಂದು ವಿಭಾಗದಲ್ಲಿ ಇನ್‌ಫ್ರಾರೆಡ್ ಹೊಮ್ಮಿಸುವುದು ಚೆಂಡು. ರೋಬೋಗಳು ಯಾರ ರಿಮೋಟಿನ ಹಂಗೂ ಇಲ್ಲದೆ ಆ ಚೆಂಡನ್ನು ತಾವೇ ಹುಡುಕಿಕೊಂಡು ಹೋಗಬೇಕು. ಬೆಳಕಿನ ಮೂಲ ಒಂದೇ ಆದ್ದರಿಂದ ಸಂಕೇತಗಳ ಡಿಕ್ಕಿ ತಪ್ಪುತ್ತದೆ. ಕೈಯಲ್ಲೇ ಓಡಿಸುವ ಪಂದ್ಯ ಬೇಕೆನ್ನುವ ಶಾಲೆಗಳು ಗಾಡಿಗೆ ಬ್ಲೂಟೂತ್ ಹಾಕಿಸಲಿ. ಅದಕ್ಕೆ ದುಡ್ಡಿಲ್ಲವೆಂದರೆ ಒಂದೊಂದೇ ಗಾಡಿಯನ್ನು ಬಿಟ್ಟು, ಗಡಿಯಾರ ಹಿಡಿದು ತೀರ್ಪು ಕೊಡಲಿ.