ತಗಡೂರಿನ ದತ್ತಿ ಮತ್ತು ‘ಸಹಿಷ್ಣುತೆ’

9ನೆಯ ಶತಮಾನದ ಕವಿರಾಜಮಾರ್ಗವು ಪರವಿಚಾರ, ಪರಧರ್ಮಗಳ ಸೈರಣೆಯನ್ನೇ ನಿಜವಾದ ಸಂಪತ್ತೆಂದು ಬಗೆಯಿತು. ಆದರೆ ಸೈರಿಸುವುದರಲ್ಲಿ ನೋವನ್ನು ತಾಳಿಕೊಳ್ಳುವ ಅರ್ಥವೂ ಉಂಟು. ಅನ್ಯನು ಅಲ್ಲಿ ಅನ್ಯನಾಗಿಯೇ ಉಳಿಯುತ್ತಾನೆ. ತಗಡೂರಿನ, ಎಂದರೆ ಇಂದಿನ ಧರ್ಮಪುರಿಯ, 893ರ ಕನ್ನಡ ಶಾಸನ ಇದಕ್ಕಿಂತ ಮುಂದೆ ಹೋಗುತ್ತದೆ. ವರ್ತಕ ಕುಲದ ನಿಧಿಯಣ್ಣನು ಸೋದರನೊಡನೆ ಬಸದಿ ಕಟ್ಟಿಸಿ, ನೊಳಂಬ ಮಹೇಂದ್ರನಿಂದ ಪಡೆದ ಮೂಲಪಳ್ಳಿ ಗ್ರಾಮವನ್ನು ಅದಕ್ಕೆ ದತ್ತಿಯಾಗಿ ಬಿಟ್ಟನು. ನೊಳಂಬರಾದರೋ ಶಿವಭಕ್ತರು. ಬಸದಿಯ ತಂಟೆಗೆ ಹೋಗದಿದ್ದರೆ ಸೈರಣೆಗೆ ಅಷ್ಟೇ ಸಾಕಿತ್ತು. ಅದರ ಪಾಲನೆಗೆ ಊರೊಂದರ ಹುಟ್ಟುವಳಿ ಸಲ್ಲುವಂತಾದುದು ಬೇರೆಯೇ ಮಾತು. ಇದನ್ನೂ ‘ಪರಧರ್ಮ ಸಹಿಷ್ಣುತೆ’ ಎಂದು ಓದುವ ರೂಢಿ ಶಾಸನವನ್ನು ಕುಗ್ಗಿಸುತ್ತದೆ.

ಸಂವಿಧಾನದ 350ಎ ವಿಧಿಯೂ (1956) ಭಾಷಾ ಅಲ್ಪಸಂಖ್ಯಾತರನ್ನು ಸೈರಿಸಿರೆಂದು ಹೇಳುವುದಿಲ್ಲ. ಅವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಒದಗಿಸಿರೆನ್ನುತ್ತದೆ. ಸೇಲಂ, ಧರ್ಮಪುರಿಗಳ ಮನೆಗಳಲ್ಲಿ ಕನ್ನಡವಾಡಲು ಯಾರ ಅಡ್ಡಿಯೂ ಇಲ್ಲ. ಆ ಕನ್ನಡಕ್ಕೆ ಮೂಲಪಳ್ಳಿ ಯಾವುದು?