ಹೆಸರಿಗಷ್ಟೇ ದಶಮಾಂಶ

ಆಸ್ಟ್ರೇಲಿಯಾದ ಜಾನಿ ನೋಬಲ್ ರೂಪಿಸಿದ ‘ಜಾನಿ.ಡೆಸಿಮಲ್’ ಪದ್ಧತಿಗೆ ಕಂಪ್ಯೂಟರಿನ ಕಡತಗಳನ್ನು ಓರಣವಾಗಿಡುವ ಮಂದಿಯಲ್ಲಿ ಭಕ್ತರೇ ಹುಟ್ಟಿಕೊಂಡಿದ್ದಾರೆ. ಹೆಚ್ಚೆಂದರೆ ಹತ್ತು ಕ್ಷೇತ್ರ, ಒಂದೊಂದರಲ್ಲಿ ಹತ್ತು ವಿಭಾಗ, ಆಮೇಲೆ ಚುಕ್ಕೆ ಇಟ್ಟು ಎರಡಂಕಿಯ ಸಂಖ್ಯೆ. 10-19 ಹಣಕಾಸು ಎಂದುಕೊಂಡರೆ 11 ತೆರಿಗೆ, 11.03 ಯಾವುದೋ ವರ್ಷದ ರಿಟರ್ನ್ಸ್. ಫೋಲ್ಡರಿನೊಳಗೆ ಫೋಲ್ಡರು ತುರುಕುವ ಚಟಕ್ಕೆ ಇದು ಕಡಿವಾಣ ಹಾಕುತ್ತದೆ, ಒಪ್ಪೋಣ.

ತಕರಾರಿರುವುದು ಆ ಚುಕ್ಕೆಯ ಬಗ್ಗೆ. ಗ್ರಂಥಾಲಯದ ಪುಸ್ತಕಗಳನ್ನು ವಿಂಗಡಿಸಲು ಮೆಲ್ವಿಲ್ ಡ್ಯೂಯಿ ರೂಪಿಸಿದ, 1876ರಲ್ಲಿ ಮೊದಲು ಅಚ್ಚಾದ ದಶಮಾಂಶ ಪದ್ಧತಿ ಮುಂದೆ ಬೆಳೆದದ್ದು ಚುಕ್ಕೆಯ ಬಲಬದಿಯಲ್ಲಿ. 512.5 ಮತ್ತು 512.6ರ ನಡುವೆ ಹೊಸ ವಿಷಯ ಹುಟ್ಟಿದರೆ 512.55 ಎಂದು ಜಾಗ ಮಾಡಬಹುದು. ನೆರೆಯ ಸಂಖ್ಯೆಗಳು ನೆರೆಯ ವಿಷಯಗಳೂ ಹೌದು. ನೋಬಲ್ ಪದ್ಧತಿಯಲ್ಲಿ 11.03ರ ಪಕ್ಕ 11.04 ಕೂರುವುದು ಅದು ಆಮೇಲೆ ಬಂತೆಂಬ ಒಂದೇ ಕಾರಣಕ್ಕೆ. ಎರಡರ ನಡುವೆ ಏನನ್ನೂ ತೂರಿಸುವಂತಿಲ್ಲ. ಕಚೇರಿಯ ಟಪಾಲು ರಿಜಿಸ್ಟರಿನ ಕ್ರಮಸಂಖ್ಯೆಗೆ ಚುಕ್ಕೆ ತೊಡಿಸಿದಂತಾಯಿತು, ಅಷ್ಟೇ.

ಇನ್ನೊಂದು ತೊಡಕೂ ಇದೆ. ಗೃಹಸಾಲದ ಬಡ್ಡಿ ಪ್ರಮಾಣಪತ್ರ ಎಲ್ಲಿಗೆ ಸೇರಬೇಕು, ಮನೆಗೋ ತೆರಿಗೆಗೋ? ಒಂದನ್ನು ಆರಿಸಿಕೊಳ್ಳಿ ಎನ್ನುತ್ತದೆ ನೋಬಲ್ ಪದ್ಧತಿ. ಇಂಥ ಇಕ್ಕಟ್ಟನ್ನು ಕಂಡೇ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1933ರ ದ್ವಿಬಿಂದು ವರ್ಗೀಕರಣದಲ್ಲಿ ವಿಷಯವನ್ನು ಅದರ ಬೇರೆಬೇರೆ ಮುಖಗಳಾಗಿ ಬಿಡಿಸಿ ಸಂಖ್ಯೆ ಕಟ್ಟಿದರು. ಪುಸ್ತಕಕ್ಕಾದರೂ ಕಪಾಟಿನಲ್ಲಿ ಒಂದೇ ಜಾಗ, ಕಡತಕ್ಕೆ ಆ ಬಡತನವಿಲ್ಲ, ಶಾರ್ಟ್‌ಕಟ್ ಇದೆ.

ಹಾಗೆಂದು ‘ಸರ್ಚ್ ಇರುವಾಗ ಫೋಲ್ಡರೇಕೆ’ ಎನ್ನುವ ವಿಮರ್ಶಕರ ಪಕ್ಷ ಸೇರಲೂ ಆಗದು. ಜನ ಕಡತವನ್ನು ಹೆಸರು ಬರೆದು ಹುಡುಕುವುದಕ್ಕಿಂತ ಇಟ್ಟ ಜಾಗಕ್ಕೇ ಹೋಗಿ ತೆಗೆಯಲು ಇಷ್ಟಪಡುತ್ತಾರೆಂದು ಸಂಶೋಧಕರಾದ ಬರೋ ಮತ್ತು ನಾರ್ಡಿ 1995ರಲ್ಲೇ ತೋರಿಸಿದರು. ಸರ್ಚ್ ಸುಧಾರಿಸಿದರೂ ಈ ಒಲವು ಬದಲಾಗಿಲ್ಲವೆಂದು ಓಫರ್ ಬರ್ಗ್‌ಮನ್ ಮತ್ತು ಸಂಗಡಿಗರು 2008ರಲ್ಲಿ ಕಂಡರು. ಹೆಸರೂ ಇಡದೆ ಮೊಬೈಲಿನಲ್ಲಿ ಹೊಡೆದ ಜಾತಿ ಪ್ರಮಾಣಪತ್ರದ ಫೋಟೊವನ್ನು ಯಾವ ಪದ ಬರೆದು ಹುಡುಕುವುದು? ಸರ್ಚ್ ಸಾಕೆನ್ನುವ ಪಂಡಿತರು ಅದನ್ನು ಹೇಳುವುದಿಲ್ಲ.

ಫೋಲ್ಡರಿನ ಹೆಸರಿನ ಮುಂದೆ ಅಂಕಿಯಿದ್ದರೆ ಪಟ್ಟಿಯಲ್ಲಿ ಅದರ ಜಾಗ ಕದಲದು, ಕೈಗೆ ರೂಢಿಯಾಗುತ್ತದೆ. ಇಷ್ಟು ಲಾಭಕ್ಕೆ ‘01 ಮನೆ’, ‘02 ತೆರಿಗೆ’ ಸಾಕಿತ್ತು. ನೋಬಲ್ ಇದರ ಮೇಲೆ ಎಲ್ಲ ಸಂಖ್ಯೆಗಳ ಸೂಚಿಯೊಂದನ್ನೂ ಇಟ್ಟುಕೊಳ್ಳಲು ಹೇಳುತ್ತಾರೆ. ಅದರಲ್ಲಿ ‘ಪಾಸ್‌ಪೋರ್ಟ್’ ಎಂದು ಹುಡುಕಿ, ಸಂಖ್ಯೆ ನೋಡಿಕೊಂಡು ಫೋಲ್ಡರಿಗೆ ಹೋಗುವವರು ಸರ್ಚನ್ನೇ ಬಳಸಿರುತ್ತಾರೆ, ಒಂದು ಸುತ್ತು ಹೆಚ್ಚಾಗಿ.