ಬಿದಿರಿನ ಹಿಂದಿರುವ ಉಕ್ಕು

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಹೊಕ್ಕವರ ಕತ್ತು ತಾನಾಗಿಯೇ ಮೇಲೇಳುತ್ತದೆ. ಚಾವಣಿಯುದ್ದಕ್ಕೂ ಬಿದಿರ ಪಟ್ಟಿಗಳ ಹೆಣಿಗೆ, ಅದರ ಸಂದಿಯಿಂದ ಸೋಸಿ ಇಳಿಯುವ ಬಿಸಿಲು, ತೂಗುಬಿಟ್ಟ ಹಸಿರು. ಸುಮಾರು 2,55,000 ಚದರ ಮೀಟರ್ ವಿಸ್ತಾರದ ಈ ಕಟ್ಟಡ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆಯ ವಿನ್ಯಾಸ; 2022ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ವಿಮಾನ ಹಾರಾಟ ಶುರುವಾಗುವ ಮೊದಲೇ ಹಸಿರು ಕಟ್ಟಡದ ಪ್ಲಾಟಿನಂ ಪೂರ್ವಪ್ರಮಾಣಪತ್ರ ಕೈಸೇರಿತ್ತು. ಮರುವರ್ಷ ಒಳಾಂಗಣಕ್ಕೆ ಪ್ರಿ ವರ್ಸೈ ಪ್ರಶಸ್ತಿಯೂ ಬಂತು.

ಆ ಬೆಳಕಿಗೆ ನನ್ನ ಮೆಚ್ಚುಗೆಯಿದೆ. ಹಗಲ ಬೆಳಕನ್ನು ಕಣ್ಣು ಕುಕ್ಕದಂತೆ ಇಷ್ಟು ಒಳಕ್ಕೆ ಕರೆತಂದದ್ದು ಸಣ್ಣ ಕೆಲಸವಲ್ಲ. ಬಿದಿರಿನ ಜಾಲರಿ ಅಲ್ಲಿ ನಿಜವಾಗಿಯೂ ದುಡಿಯುತ್ತದೆ. ಆದರೆ ಶಕ್ತಿ ಉಳಿತಾಯದ ಮಾತು ಬಂದಾಗಲೆಲ್ಲ ಎಲ್ಲರೂ ಅದೇ ಬಿದಿರಿನತ್ತ ಬೊಟ್ಟು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಬಿದಿರು ಈ ಕಟ್ಟಡದ ಉಡುಪು, ಮೂಳೆ ಉಕ್ಕು. ಆ ಬಿದಿರೂ ಹಿತ್ತಲಿನದ್ದಲ್ಲ: ಸೀಳಿ, ಒಣಗಿಸಿ, ಅಂಟು ಹಾಕಿ ಒತ್ತಿ, ಬೆಂಕಿ ತಾಳುವಂತೆ ಸಂಸ್ಕರಿಸಿದ ಕಾರ್ಖಾನೆಯ ಸರಕು.

ಮೂಳೆಯ ಲೆಕ್ಕ ಹಾಕಲು ಬೇರೆ ದೇಶಕ್ಕೆ ಹೋಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಗ್ರಾಮೀಣ ತಂತ್ರಜ್ಞಾನದ 'ಅಸ್ತ್ರ' ಕೇಂದ್ರದ ಪರಂಪರೆಯಲ್ಲೇ ಬೆಳೆದ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್, ಯಾವ ಸಾಮಗ್ರಿ ತಯಾರಿಸಲು ಎಷ್ಟು ಶಕ್ತಿ ಹಿಡಿಯುತ್ತದೆ ಎಂಬುದನ್ನು 2003ರಲ್ಲೇ ಪ್ರಕಟಿಸಿದ್ದಾರೆ. ಕಿಲೋ ಸಿಮೆಂಟಿಗೆ 5.85 ಮೆಗಾಜೂಲ್, ಗಾಜಿಗೆ 25.8, ಉಕ್ಕಿಗೆ 42, ಅಲ್ಯೂಮಿನಿಯಮ್ಮಿಗೆ 236.8. ಕಾರ್ಖಾನೆಗಳು ಅಂದಿನಿಂದ ಸುಧಾರಿಸಿರಬಹುದು, ಅಂಕಿ ಸ್ವಲ್ಪ ಇಳಿದಿರಬಹುದು. ಯಾವುದು ದುಬಾರಿ, ಯಾವುದು ಅಗ್ಗ ಎಂಬ ಕ್ರಮ ಬದಲಾಗಿಲ್ಲ. ವಿಮಾನ ನಿಲ್ದಾಣಗಳು ಧಾರಾಳವಾಗಿ ಬಳಸುವುದು ಈ ಪಟ್ಟಿಯ ದುಬಾರಿ ತುದಿಯ ವಸ್ತುಗಳನ್ನೇ.

ಅದೇ ಅಧ್ಯಯನ 'ಸ್ಥಳೀಯ ಸಾಮಗ್ರಿ' ಎಂಬ ಜನಪ್ರಿಯ ಮಂತ್ರವನ್ನೂ ಅಲುಗಾಡಿಸುತ್ತದೆ. ಒಂದು ಟನ್ ಸಿಮೆಂಟನ್ನು ಲಾರಿಯಲ್ಲಿ 50 ಕಿಲೋಮೀಟರ್ ಸಾಗಿಸಲು ಬೇಕಾದದ್ದು ಸುಮಾರು 50 ಮೆಗಾಜೂಲ್. ಅದನ್ನು ಸುಟ್ಟು ತಯಾರಿಸಲು 5,850. ಹೀಗಿರುವಾಗ ದೂರದ ಸೇಡಂನಿಂದ ತಂದರೇನು, ಪಕ್ಕದ ಊರಿನಿಂದ ತಂದರೇನು? ಮರಳು, ಕಲ್ಲುಗಳ ಕತೆ ಬೇರೆ. ಅವನ್ನು ಸುಡುವುದಿಲ್ಲವಾದ್ದರಿಂದ ದೂರವೇ ಅಲ್ಲಿ ದೊಡ್ಡ ಖರ್ಚು. ಟರ್ಮಿನಲ್ಲಿನ ಗ್ರಾನೈಟ್ ನೆಲಹಾಸನ್ನು ಹೊಗಳುವುದಾದರೆ ಅದು ಹತ್ತಿರದ್ದು ಎಂಬ ಕಾರಣಕ್ಕೆ ಹೊಗಳಬೇಕು.

ದೊಡ್ಡ ಉಳಿತಾಯ ಇರುವುದು ಯಾರೂ ಫೋಟೊ ತೆಗೆಯದ ಜಾಗದಲ್ಲಿ, ಸಿಮೆಂಟಿನೊಳಗೆ. ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿಯಲ್ಲಿ ಸುಟ್ಟು ಮಾಡುವ ಕ್ಲಿಂಕರ್ ಕಡಿಮೆಯಾದಷ್ಟೂ ಶಕ್ತಿ ಉಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಸ್ಲ್ಯಾಗ್ ಸಿಮೆಂಟಿನಲ್ಲಿ 25ರಿಂದ 70 ಪ್ರತಿಶತದವರೆಗೆ ಊದುಕುಲುಮೆಯ ಸ್ಲ್ಯಾಗ್ ಬೆರೆಸಬಹುದು, ಪೊಝೊಲಾನ ಸಿಮೆಂಟಿನಲ್ಲಿ 15ರಿಂದ 35 ಪ್ರತಿಶತ ಹಾರುಬೂದಿ. ನಮ್ಮಲ್ಲಿ ಸ್ಲ್ಯಾಗ್‌ಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿದೆ, ಬೂದಿಗೆ ರಾಯಚೂರಿನ ಶಾಖೋತ್ಪನ್ನ ಸ್ಥಾವರ. ಟರ್ಮಿನಲ್ಲಿಗಿಂತ ಇಂಥ ಸಿಮೆಂಟು ಹೆಚ್ಚು ಸಲ್ಲುವುದು ಮೆಟ್ರೊ ಕಂಬಗಳಿಗೆ, ಮೇಲುಸೇತುವೆಗಳಿಗೆ, ಕಾಂಕ್ರೀಟ್ ಹೊದೆಸುವ ರಸ್ತೆಗಳಿಗೆ. ಅಲ್ಲಿ ಮರೆಮಾಚಲು ಬಿದಿರೂ ಇಲ್ಲ.

ತೊಡಕೂ ಇದೆ. ಇಂಥ ಕಾಂಕ್ರೀಟ್ ಮೊದಲ ದಿನಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ, ಸೆಂಟ್ರಿಂಗ್ ಬಿಚ್ಚುವುದು ತಡವಾಗುತ್ತದೆ, ಕ್ಯೂರಿಂಗ್‌ಗೆ ನೀರು ಹೆಚ್ಚು ದಿನ ಹಾಕಬೇಕು. ಗಡುವು ತಪ್ಪಿದರೆ ದಂಡ ಕಟ್ಟಬೇಕಾದ ಗುತ್ತಿಗೆದಾರ ಬೇಗ ಗಟ್ಟಿಯಾಗುವ ಸಿಮೆಂಟನ್ನೇ ಕೇಳುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಆ ಕೆಲವು ದಿನಗಳನ್ನು ಕೊಡುವುದೂ ಬಿಡುವುದೂ ಟೆಂಡರ್ ಬರೆಯುವವರ ಕೈಯಲ್ಲಿದೆ.